ಮೆಲ್ಲಗಪ್ಪನವರ ಅಮೆರಿಕನ್ ಕಾರು

ಬಾಗಿಲನ್ನು ಅವರು ಎಂದೂ ದಢಾರನೆ ಮುಚ್ಚಿದವರಲ್ಲ. ಮನೆಯದಾಗಲಿ, ಬಸ್ಸಿನದಾಗಲಿ, ಎರಡೂ ಅಂಗೈ ಊರಿ, ಚಿಲಕ ಕಚ್ಚಿಕೊಂಡ ಸದ್ದು ಕಿವಿಗೆ ಬೀಳುವವರೆಗೂ ಒತ್ತಿ ಹಿಡಿಯುವರು. ಬೇರೆ ಯಾರಾದರೂ ಬಡಿದರೆ "ಮೆಲ್ಲಗಪ್ಪಾ, ಮೆಲ್ಲಗೆ!" ಎಂದು ಕಕ್ಕುಲಾತಿಯಿಂದ ಕೂಗುವರು. ಹೀಗಾಗಿ ಬೀದಿಯವರ ಬಾಯಲ್ಲಿ ಅವರ ಹೆಸರೇ ಮೆಲ್ಲಗಪ್ಪನವರು ಎಂದಾಗಿಹೋಯಿತು.

ಈ ಮಾರ್ದವವೆಲ್ಲ ಅವರಿಗೆ ಬಂದದ್ದು ಒಂದು ಕಾರಿನಿಂದ. ಬಟ್ಟೆಯ ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ, ಹಡಗಿನಷ್ಟು ಉದ್ದದ ಹಳೆಯ ಅಮೆರಿಕನ್ ಕಾರು. ಗುಜರಿಯವನೂ ಮೂಗು ಮುರಿದಿದ್ದ ಅದನ್ನು ಷೆಡ್ಡಿಗೆ ತಂದು, ವರ್ಷಗಟ್ಟಲೆ ತುಕ್ಕು ಕೆರೆದು, ಬಿಡಿಭಾಗಗಳಿಗಾಗಿ ಊರೂರು ಅಲೆದು, ಅದರ ಪೂರ್ವವೈಭವವನ್ನು ಮರಳಿ ತಂದಿದ್ದರು. ಮಾತಿನಲ್ಲಿ ಮಾತ್ರ ಅವರಿಗೊಂದು ಚಟ: "ನಾನೇ ಮಾಡಿದ್ದು." ಎಂಜಿನ್ನು ನಾನೇ, ಬಣ್ಣವೂ ನಾನೇ. ಅದು ಸುಳ್ಳೂ ಅಲ್ಲ. ಆದರೆ ಚಾವಣಿಯ ಕ್ಯಾನ್ವಾಸನ್ನು ಹೊಲಿದವರು ಅವರ ಹೆಂಡತಿ. ದಪ್ಪ ಬಟ್ಟೆಗೆ ಮಿಷನ್ನಿನ ಸೂಜಿ ಮುರಿದು ಮುರಿದು, ಕೊನೆಗೆ ಕೈಯಲ್ಲೇ ಹೊಲಿದು, ಎಲ್ಲೋ ಸುಕ್ಕು ಕಂಡಿತೆಂದು ಬಿಚ್ಚಿ, ಮತ್ತೆ ಹೊಲಿದು ಕೂರಿಸಿದ್ದರು.

ಮಂಡಿ ಸೋತು ಬ್ರೇಕು ಒತ್ತಲಾಗದೆ, ಒಲ್ಲದ ಮನಸ್ಸಿನಿಂದ ಕಾರು ಮಾರಲು ಹೊರಟಾಗ, ಹಳೇ ಕಾರುಗಳ ಖಯಾಲಿಯ ಡಾಕ್ಟರೊಬ್ಬರು ನೋಡಲು ಬಂದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಾವಣಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟರು.

"ಇದನ್ನ ಹೊಲಿದಿದ್ದು ಯಾರು?"

ಮನೆಯಲ್ಲಿ ಹೊಲಿದದ್ದೆಂದರೆ ಕಾರಿನ ಘನತೆಗೆ ಕುಂದು ಬಂದೀತೆಂದು ಮೆಲ್ಲಗಪ್ಪನವರಿಗೆ ಅಳುಕು. ಹೆಂಡತಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹೊರಗಡೆ, ದೊಡ್ಡ ಅಂಗಡೀಲಿ ಮಾಡಿಸಿದ್ದು" ಎಂದರು ಮೆಲ್ಲಗಪ್ಪನವರು.

"ಹಾಗಾದ್ರೆ ವಿಳಾಸ ಕೊಡಿ. ನನ್ನ ಇನ್ನೊಂದು ಕಾರಿಗೂ ಅವರ ಹತ್ರಾನೇ ಹೊಲಿಸ್ತೀನಿ. ಇಂಥ ಕೈ ಎಲ್ಲಿ ಸಿಗುತ್ತೆ?"

ಮೆಲ್ಲಗಪ್ಪನವರು ತಡವರಿಸುತ್ತಿರುವಾಗಲೇ ಹೆಂಡತಿ ಮುಂದೆ ಬಂದು ಡಾಕ್ಟರ ಕೈಗೆ ಲೋಟ ಕೊಟ್ಟು, "ಆ ಅಂಗಡಿ ಮುಚ್ಚಿ ತುಂಬಾ ದಿನ ಆಯ್ತು ಡಾಕ್ಟ್ರೇ" ಎಂದರು. ಗಂಡನ ಮಾನ ಉಳಿಯಿತು. ಉಳಿಸಿದವರ ಮುಖ ನೋಡುವ ಧೈರ್ಯ ಮಾತ್ರ ಉಳಿಯಲಿಲ್ಲ.

ಡಾಕ್ಟರು ಕೊಂಡ ಕಾರು ಬೀದಿಯ ತಿರುವು ದಾಟಿದ ಮೇಲೆ, ಖಾಲಿ ಷೆಡ್ಡಿನಲ್ಲಿ ಹೆಂಡತಿಯ ಎದುರು ಅವರು ನಾಚಿಕೆಯಿಂದ ಹಿಡಿಯಾಗಿ ನಿಂತರು. ತಪ್ಪಾಯಿತು ಎನ್ನಬೇಕು, ಅಷ್ಟೇ. ಗಂಟಲವರೆಗೆ ಬಂದ ಮಾತು ಬಾಯಿಗೆ ಬರುವಷ್ಟರಲ್ಲಿ ದಾರಿ ತಪ್ಪಿತು.

"ಬಟ್ಟೆ ಒಳ್ಳೇದಿತ್ತು ಕಣೇ."

"ಹ್ಞೂಂ, ಬಟ್ಟೆ ಒಳ್ಳೇದೇ" ಎಂದು ಹೆಂಡತಿ ನೆಲದ ಎಣ್ಣೆ ಕಲೆಯ ಮೇಲೆ ಮರದ ಹೊಟ್ಟು ಎರಚತೊಡಗಿದರು.

ಇಂಥವರು ನಮ್ಮ ನಡುವೆ ಬಹಳ ಮಂದಿ. ಕೇಡಿಗರಲ್ಲ, ಕಟುಕರಲ್ಲ, ಪರರ ಮುಂದೆ ಮನೆಯವಳನ್ನು ಹೊಗಳಿದರೆ ತಾವು ಗೇಣುದ್ದ ಕುಗ್ಗಿಬಿಡುತ್ತೇವೆಂದು ಹೆದರಿ, ಆಮೇಲೆ ತಮ್ಮ ಕಣ್ಣಲ್ಲೇ ಮಾರುದ್ದ ಕುಗ್ಗುವವರು. ಆಡಬೇಕಾದ ಮಾತು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ಆಡದೆಯೇ ಮುದುಕರಾಗುತ್ತಾರೆ.