ಭಾನುವಾರದ ಮೂರನೇ ಸಭೆ

ಭಾನುವಾರ ಎಂದರೆ ಊರಿಗೆಲ್ಲ ಸೂಟಿ. ನನಗೆ ಮಾತ್ರ ಮೂರು ಊರು. ಬೆಳಿಗ್ಗೆ ಮೂಡಲಗಿ, ಅಲ್ಲಿಂದ ತಿರುಗಿ ಬಂದು ಗೋಕಾಕ, ಊಟವಾದ ಮೇಲೆ ಹುಕ್ಕೇರಿ. ಮೂರೂ ಕಡೆ ನಮ್ಮ ಕ್ರೈಸ್ತ ಸಭೆಗಳಿವೆ, ಮೂರಕ್ಕೂ ನಾನೊಬ್ಬನೇ ಪಾಸ್ಟರ್. ನಾನು ಹೇಳುವ ಪ್ರಸಂಗವೂ ಒಂದೇ. ಮೂಡಲಗಿಯಲ್ಲಿ ಅದು ಬಿಸಿಬಿಸಿಯಾಗಿರುತ್ತದೆ, ಗೋಕಾಕದಲ್ಲಿ ಉಗುರುಬೆಚ್ಚಗೆ, ಹುಕ್ಕೇರಿ ಮುಟ್ಟುವ ಹೊತ್ತಿಗೆ ಮತ್ತೆ ಮತ್ತೆ ಕಾಯಿಸಿದ ಚಹಾದಂತೆ ಆಗಿರುತ್ತದೆ. ಅಲ್ಲಿನವರು ಪಾಪ, ಮುಖ ಸಿಂಡರಿಸದೆ ಕೇಳಿಸಿಕೊಳ್ಳುತ್ತಾರೆ.

ನನ್ನ ಹೆಸರು ಯಲ್ಲಾರಿ. ಪಾಸ್ಟರ್ ಆದ ಮೇಲೂ ಅದೇ ಹೆಸರೇ ಎಂದು ನಮ್ಮ ಸಭೆಗಳ ಮುಖ್ಯ ಕಚೇರಿಯಲ್ಲಿ ಹೊಸದಾಗಿ ಬಂದವರೆಲ್ಲ ಕೇಳುತ್ತಾರೆ. ಮಸಗುಪ್ಪಿಯ ಹೊಲದಲ್ಲಿ ಕಳೆ ತೆಗೆಯುತ್ತ ನಮ್ಮವ್ವ ಕೂಗಿ ಕರೆದ ಹೆಸರದು. ಅದರಿಂದ ಯೇಸುಸ್ವಾಮಿಗೆ ತೊಂದರೆಯಾದಂತೆ ನನಗೆ ಕಾಣಲಿಲ್ಲ, ಹಾಗಾಗಿ ಬದಲಿಸುವ ಗೋಜಿಗೆ ಹೋಗಲಿಲ್ಲ.

ಈಗ ಅರವತ್ತರ ಹತ್ತಿರ ಬಂದಿದ್ದೇನೆ. ಬೈಕ್ ಏರಿದರೆ ಮೊಣಕಾಲು ನೋಯುತ್ತದೆ, ಇಳಿದರೆ ಸೊಂಟ. ಕಲ್ಲೋಳಿ ದಾಟುವಷ್ಟರಲ್ಲಿ ಒಮ್ಮೆ ನಿಲ್ಲಿಸಿ ಕಾಲು ಝಾಡಿಸಬೇಕು. ನೇರವಾಗಿ ಹೇಳಿಬಿಡುತ್ತೇನೆ, ನಾನು ದಣಿದಿದ್ದೆ. ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಭಾನುವಾರ ಬೆಳಿಗ್ಗೆ ಹೊರಡುವಾಗ ಹೆಂಡತಿ ನಾಗರತ್ನಾಳಿಗೆ "ಕೆಲಸಕ್ಕ ಹೊಂಟೇನಿ" ಎನ್ನುತ್ತಿದ್ದೆ. ದೇವರ ಸಭೆಗೆ ಹೋಗುವವನು ಹಾಗೆ ಹೇಳಬಾರದೆಂದು ಅವಳು ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಬಿಟ್ಟುಬಿಟ್ಟಳು.

ಹುಕ್ಕೇರಿಯಿಂದ ಮರಳುವುದಂತೂ ಯಾವಾಗಲೂ ಕತ್ತಲಾದ ಮೇಲೆಯೇ. ಒಂದು ಹಾಡು, ಸಣ್ಣದೊಂದು ಪ್ರಸಂಗ, ಒಂದು ಪ್ರಾರ್ಥನೆ, ಇಷ್ಟಕ್ಕೆ ಅಷ್ಟು ಹೊತ್ತು ಯಾಕೆ ಬೇಕು ಎಂದು ನಾಗರತ್ನಾ ಕೇಳಿದಾಗಲೆಲ್ಲ ಕಬ್ಬಿನ ಟ್ರ್ಯಾಕ್ಟರ್‌ಗಳ ಮೇಲೆ ಹಾಕುತ್ತಿದ್ದೆ. ಎರಡೆರಡು ಟ್ರಾಲಿ ಕಟ್ಟಿಕೊಂಡು ರಸ್ತೆ ತುಂಬ ತೆವಳುತ್ತವೆ, ದಾಟಲು ಬಿಡುವುದಿಲ್ಲ ಎಂದು. ಮಳೆಗಾಲದಲ್ಲಿ ಯಾವ ಕಬ್ಬು ಹೋಗುತ್ತದೆ ಎಂದು ಅವಳು ಒಮ್ಮೆ ಕೇಳಿದಳು. ನಾನು ಕೈ ತೊಳೆಯಲು ಎದ್ದೆ.

ಹೀಗಿರುವಾಗ ಮುಖ್ಯ ಕಚೇರಿಯಿಂದ ಸಭೆಗೊಂದರಂತೆ ಫ್ಲೆಕ್ಸ್ ಬಂದವು. ನಮ್ಮ ಉದ್ದೇಶ, ನಮ್ಮ ದರ್ಶನ, ನಮ್ಮ ಮೌಲ್ಯಗಳು ಎಂದು ಕೆಂಪು ಅಕ್ಷರ. ದೇವರನ್ನು ಆರಾಧಿಸುವುದು, ನೆರೆಯವರನ್ನು ಪ್ರೀತಿಸುವುದು ಉದ್ದೇಶ. ಊರೂರಿಗೆ ಒಂದು ಜೀವಂತ ಸಭೆ ಇರಬೇಕೆಂಬುದು ದರ್ಶನ. ಕೆಳಗೆ ಮೌಲ್ಯಗಳ ಸಾಲು, ಅದರ ತುದಿಯಲ್ಲಿ ಪರಸ್ಪರ ಆರೈಕೆ. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ವಾರಕ್ಕೊಂದು ಮೌಲ್ಯ ಹಿಡಿದು ಪ್ರಸಂಗ ಮಾಡಬೇಕೆಂದು ಹೇಳಿದ್ದರು, ಮಾಡಿದೆ. ಪರಸ್ಪರ ಆರೈಕೆಯ ವಾರ ಬಂದಾಗ, ಯಾರಾದರೂ ಹಾಸಿಗೆ ಹಿಡಿದರೆ ಸಂಕೋಚಪಡದೆ ಫೋನ್ ಮಾಡಿ, ನಾನು ಬರುತ್ತೇನೆ ಎಂದು ಮೂರೂ ಊರಲ್ಲಿ ವಿವರಿಸಿದೆ. ಪರಸ್ಪರ ಎಂದರೆ ನಾನು ಓಡುವುದು ಎಂದೇ ನನ್ನ ತಿಳುವಳಿಕೆಯಾಗಿತ್ತು.

ಫ್ಲೆಕ್ಸ್‌ನ ಹಿಂದೆಯೇ ಮೇಲ್ವಿಚಾರಕರೂ ಬಂದರು. ಕಿಶೋರ ಎಂದು ಹೆಸರು, ನನಗಿಂತ ತುಂಬ ಚಿಕ್ಕವರು, ಮಾತು ಮೆತ್ತಗೆ. ಬರೆದದ್ದು ಯಾವ ಸಭೆಯಲ್ಲಿ ನಡೆಯುತ್ತಿದೆ, ಯಾವುದರಲ್ಲಿ ಇಲ್ಲ ಎಂದು ಕಣ್ಣಾರೆ ನೋಡುವುದು ಅವರ ಕೆಲಸ. ಜೀವ ಇಲ್ಲದ್ದನ್ನು ಮುಚ್ಚಿ, ಅಲ್ಲಿನವರನ್ನು ಬೇರೆ ಊರಿನ ಸಭೆಗೆ ಸೇರಿಸುತ್ತಾರೆ. ಪಾಸ್ಟರ್ ಏನು ಹೇಳುತ್ತಾನೋ ಅದಕ್ಕೆ ತೂಕ ಇರುತ್ತದೆ ಎಂದೂ ತಿಳಿಸಿದ್ದರು.

ಹುಕ್ಕೇರಿ ಮುಚ್ಚಲಿ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಹೇಳಿಕೊಳ್ಳಲು ಕಾರಣಗಳಿಗೆ ಬರವಿರಲಿಲ್ಲ. ಅಲ್ಲಿ ಕಟ್ಟಡವಿಲ್ಲ, ಸಭೆ ಕೂಡುವುದು ಗುಡ್ಡವ್ವನ ಮನೆಯ ಅಂಗಳದಲ್ಲಿ. ಕೂಲಿಗೆ ಹೋಗುವ ಗುಡ್ಡವ್ವ, ಸಂತೆಯಲ್ಲಿ ಕಾಯಿಪಲ್ಯ ಮಾರುವ ರಾಯವ್ವ, ಕಿವಿ ಸರಿಯಾಗಿ ಕೇಳದ ಅಲ್ಲವ್ವ. ಈ ಮೂವರ ಪೈಕಿ ಯಾರಿಗೂ ಓದು ಬರುವುದಿಲ್ಲ. ನಾಲ್ಕನೆಯವಳು ರಾಯವ್ವನ ಸೊಸೆ ಯಶೋಧರಾ, ಬೌದ್ಧರ ಮನೆಯ ಹುಡುಗಿ, ಅತ್ತೆಯ ಜೊತೆ ಬಂದು ಕೂಡುತ್ತಾಳೆ. ವರ್ಷಗಳಿಂದ ಹೊಸಬರು ಒಬ್ಬರೂ ಸೇರಿಲ್ಲ. ಆದರೆ ಇದೆಲ್ಲ ತೋರಿಕೆಯ ಮಾತು. ನನಗೆ ಬೇಕಾಗಿದ್ದದ್ದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಂಚ.

ಕಿಶೋರ ಅವರು ಮೂಡಲಗಿ, ಗೋಕಾಕ ಎರಡನ್ನೂ ನೋಡಿ ಮೆಚ್ಚಿದರು. ಊಟವಾದ ಮೇಲೆ ಅವರ ಕಾರಿನಲ್ಲೇ ಹುಕ್ಕೇರಿಗೆ ಹೊರಟೆವು. ಧುಪದಾಳದ ಹತ್ತಿರ ನೀರು ಕಾಣುವ ಕಡೆ ಅವರು ಗಾಡಿ ನಿಧಾನ ಮಾಡಿದಾಗ ನಾನು ವಿಷಯ ತೆಗೆದೆ. ಹುಕ್ಕೇರಿಯಲ್ಲಿ ಜೀವ ಇಲ್ಲ, ಮುಚ್ಚುವುದೇ ಒಳ್ಳೆಯದು ಎಂದೆ. ಅವರು, ಸರಿ, ಆದರೆ ಇವತ್ತೇ ನೀವೇ ಅವರಿಗೆ ಹೇಳಬೇಕು, ಬೇರೆಯವರ ಬಾಯಿಂದ ತಿಳಿಯಬಾರದು ಎಂದರು. ಹೇಳುತ್ತೇನೆ ಎಂದು ಒಪ್ಪಿಕೊಂಡೆ.

ಗುಡ್ಡವ್ವನ ಅಂಗಳದಲ್ಲಿ ಕಾಲಿಟ್ಟ ಕೂಡಲೇ ಕಿಶೋರ ಅವರು ಫ್ಲೆಕ್ಸ್ ಎಲ್ಲಿ ಎಂದು ಹುಡುಕಿದರು. ಅದು ತಲೆಯ ಮೇಲಿತ್ತು. ಗೋಡೆಗಿಂತ ಫ್ಲೆಕ್ಸೇ ದೊಡ್ಡದಾದ್ದರಿಂದ ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಬಿಸಿಲಿಗೆ ಚಪ್ಪರ ಮಾಡಿದ್ದರು. ಅಕ್ಷರಗಳೆಲ್ಲ ಆಕಾಶದ ಕಡೆ. ಓದುವುದು ಹೇಗೆ ಎಂದು ಅವರು ಕೇಳಿದರು.

"ನಮಗ ಓದಾಕ ಬರೂದಿಲ್ರಿ" ಎಂದಳು ರಾಯವ್ವ. "ದೇವರಾದ್ರೂ ಓದ್ಲಿ ಅಂತ ಮ್ಯಾಲ ಮಾಡೇವಿ."

ನಾನು ಎಂದಿನಂತೆ ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತೆ. ಬೆನ್ನಿಗೆ ಮಡಚಿಟ್ಟ ಕೌದಿ ಎಂದಿನಂತೆ ಇತ್ತು. ಪಾಸ್ಟರ್ ಎಂದು ಮರ್ಯಾದೆಗೆ ಇಡುತ್ತಾರೆ ಎಂದುಕೊಂಡಿದ್ದೆ. ಹಾಡು ಮುಗಿಯಲಿ, ಆಮೇಲೆ ಹೇಳಿಬಿಡುತ್ತೇನೆ ಎಂದು ಮಾತು ಜೋಡಿಸಿಕೊಂಡೆ. ಅವರು ಹಾಡು ಹಿಡಿದರು. ಕಿವಿ ಕೇಳದವರು ಸಾಮಾನ್ಯವಾಗಿ ದೊಡ್ಡ ದನಿಯಲ್ಲಿ ಹಾಡುತ್ತಾರೆ, ಆದರೆ ಅಲ್ಲವ್ವ ಇಲ್ಲಿ ಹಾಡುವುದು ಮಗುವನ್ನು ತೂಗುವವರ ಹಾಗೆ. ಅದು ಭಕ್ತಿ ಎಂದು ನಾನು ಗೋಕಾಕದ ಸಭೆಯಲ್ಲಿ ಉದಾಹರಣೆ ಕೊಟ್ಟದ್ದೂ ಉಂಟು. ಪ್ರತಿ ವಾರದಂತೆ ಒಂದು ಸಾಲಿನಷ್ಟು ಹೊತ್ತು ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಹಾಡು ಇರಲಿಲ್ಲ. ಯಶೋಧರಾ ಓದುತ್ತಿದ್ದಳು. ನಿಧಾನವಾಗಿ, ಸಾಲೆಯಲ್ಲಿ ಪಾಠ ಓದಿದಂತೆ, ಸುವಾರ್ತೆಯ ಅಧ್ಯಾಯವೊಂದನ್ನು. ನಡುವೆ ರಾಯವ್ವ ತಡೆದು ಇದರ ಅರ್ಥವೇನು ಎಂದು ಕೇಳಿದಳು, ಗುಡ್ಡವ್ವ ತನಗೆ ತಿಳಿದಂತೆ ಹೇಳಿದಳು. ನನಗಿಂತ ಚೆನ್ನಾಗಿ ಹೇಳಿದಳು ಎಂದು ಬರೆದರೆ ಸುಳ್ಳಾಗುತ್ತದೆ, ಆದರೆ ನನ್ನಷ್ಟು ಉದ್ದ ಮಾಡಲಿಲ್ಲ. ಮೇಲ್ವಿಚಾರಕರ ಎದುರೇ ನಿದ್ದೆ ಹೊಡೆದಿದ್ದೇನೆ ಎಂದು ಆಗ ತಿಳಿಯಿತು. ಕಣ್ಣು ತೆರೆಯುವ ಧೈರ್ಯವಾಗದೆ ಹಾಗೇ ಒರಗಿಕೊಂಡಿದ್ದೆ.

ಓದು ಮುಗಿದ ಮೇಲೆ ಒಬ್ಬೊಬ್ಬರೇ ಪ್ರಾರ್ಥಿಸಿದರು. ಬೀದಿಯಲ್ಲಿ ಯಾರಿಗೋ ಜ್ವರ, ಯಾರದೋ ಬಾಣಂತನ, ನನ್ನ ಮೊಣಕಾಲು. ಕಿಶೋರ ಅವರು ದನಿ ತಗ್ಗಿಸಿ, ಪಾಸ್ಟರ್ ಯಾವಾಗಲೂ ಹೀಗೆ ಮಲಗುತ್ತಾರೆಯೇ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಹೂನ್ರಿ, ಪ್ರತಿ ವಾರ" ಎಂದಳು ಗುಡ್ಡವ್ವ. "ನಸುಕಿನ್ಯಾಗ ಎದ್ದ ಮೂಡಲಗಿಗೆ ಹೋಗಿರ್ತಾರ. ಇಲ್ಲಿ ಬಂದ ಕೂಡೂದರಾಗ ಕಾಲ ನಡಗತಿರ್ತಾವ್ರಿ. ಅದಕ್ಕ ನಾವ ಸಣ್ಣ ದನೀಲೆ ಹಾಡತೇವಿ. ಅವರ ಕಣ್ಣ ಹತ್ತಿದ ಮ್ಯಾಲ ನಮ್ಮ ಯಶೋಧರಾ ಓದತಾಳ, ಪ್ರಾರ್ಥನಾ ಮಾಡಕೊಂತೇವಿ. ಅವರಿಗೆ ಎಚ್ಚರ ಆಗೂ ಮುಂದ ಮತ್ತ ಅದ ಹಾಡ ಹಿಡೀತೇವ್ರಿ."

"ಮತ್ತ ಅದ ಹಾಡ ಯಾಕ?" ಕಿಶೋರ ಅವರು ಕೇಳಿದರು.

"ಅವರಿಗೆ ಗೊತ್ತಾಗಬಾರದಲ್ರಿ. ನಾಚಿಕಿ ಆಗತೈತಿ."

ನಾಚಿಕೆ ಆಯಿತು, ಆದರೆ ಮೊದಲು ಬಂದದ್ದು ಸಿಟ್ಟು. ನಾನು ಸೊಂಟ ಮುರಿದುಕೊಂಡು ಬರುವುದು ಇವರಿಗಾಗಿ, ಇವರು ನನ್ನನ್ನು ಮಲಗಿಸಿ ತಮ್ಮ ಪಾಡಿಗೆ ಸಭೆ ನಡೆಸುತ್ತಾರೆ. ಆಮೇಲೆ ಕೌದಿಯ ನೆನಪಾಯಿತು, ಅಲ್ಲವ್ವನ ಮೆಲುದನಿಯ ನೆನಪಾಯಿತು, ಮಳೆಗಾಲದ ಕಬ್ಬಿನ ಟ್ರ್ಯಾಕ್ಟರ್‌ಗಳೂ ನೆನಪಾದವು. ಜೋಮು ಹಿಡಿದಿದ್ದ ಕಾಲನ್ನು ಸ್ವಲ್ಪ ಸರಿಸಿದೆ. ಸರಿಸಿದ್ದೇ ತಡ, ನಾಲ್ವರೂ ಒಟ್ಟಿಗೆ ಅದೇ ಹಾಡಿನ ಮೊದಲ ಸಾಲನ್ನು ಹಿಡಿದರು. ಅರೆಗಣ್ಣಿನಲ್ಲಿ ನೋಡಿದೆ. ಅಲ್ಲವ್ವನ ದನಿ ಏರದಂತೆ ಗುಡ್ಡವ್ವ ಅವಳ ಮೊಣಕಾಲಿನ ಮೇಲೆ ಕೈ ಇಟ್ಟು ಮೆಲ್ಲಗೆ ತಟ್ಟುತ್ತಿದ್ದಳು.

ಹಾಡು ಮುಗಿಯುವವರೆಗೆ ಕಾದು ಕಣ್ಣು ತೆರೆದೆ. ಎಲ್ಲರೂ ಏನೂ ಆಗದವರಂತೆ ನನ್ನ ಪ್ರಸಂಗಕ್ಕೆ ಕಾಯುತ್ತಿದ್ದರು. ಕಿಶೋರ ಅವರೂ ಹಾಗೇ ಕುಳಿತಿದ್ದರು.

"ಗುಡ್ಡವ್ವಾ, ನಾ ಎಲ್ಲಾ ಕೇಳಿದೆ" ಎಂದೆ. ಅವಳು ಸೆರಗು ಸರಿಪಡಿಸಿಕೊಂಡು ನೆಲ ನೋಡಿದಳು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿತ್ತು, ಇದ್ದದ್ದನ್ನು ಹೇಳಿದೆ. "ಈ ಸಭಾ ಮುಚ್ಚತೇವಂತ ಹೇಳಾಕ ಬಂದೇನಿ. ನಿಮ್ಮದೇನೂ ತಪ್ಪಿಲ್ಲ. ನನಗ ಆಗವಲ್ದು."

ಏನಾಯಿತೆಂದು ಅಲ್ಲವ್ವ ಸನ್ನೆಯಲ್ಲಿ ಕೇಳಿದಳು, ಯಶೋಧರಾ ಅವಳ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು. ಅಲ್ಲವ್ವ ನನ್ನನ್ನೇ ನೋಡುತ್ತ ಕುಳಿತಳು.

"ಆಗವಲ್ದಂದ್ರ ನೀವ ಬರೂದ ಬಿಡ್ರಿ, ಅಯ್ಯಾರ" ಎಂದಳು ಗುಡ್ಡವ್ವ. ದನಿಯಲ್ಲಿ ಕೋಪ ಇರಲಿಲ್ಲ, ಅವಳೂ ವಾರವಿಡೀ ಕೂಲಿ ಮಾಡಿ ದಣಿದಿದ್ದಳು. "ಸಭಾ ಯಾಕ ಮುಚ್ಚತೀರಿ? ನೀವ ಇಲ್ಲಿ ಮಲಗಿದಾಗ ನಡದೈತಿ, ನಿಮ್ಮ ಮನ್ಯಾಗ ಮಲಗಿದ್ರೂ ನಡೀತೈತಿ."

ಕಿಶೋರ ಅವರೂ ಆಗಲಿ ಎಂದರು. ಪಾಸ್ಟರೇ ಕೊಡಬೇಕಾದ ಪ್ರಭುಭೋಜನಕ್ಕೆ ನಾನು ತಿಂಗಳಿಗೊಮ್ಮೆ ಬಂದರೆ ಸಾಕು, ಉಳಿದದ್ದನ್ನು ಅವರೇ ನಡೆಸಲಿ ಎಂದು ಮಾತಾಯಿತು. ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿಯೇ ಕಳಿಸಿದರು. ತಿರುಗಿ ಬರುವಾಗ ಕಿಶೋರ ಅವರು, ಓದಿದ ಹುಡುಗಿಗೆ ದೀಕ್ಷಾಸ್ನಾನ ಆಗಿದೆಯೇ ಎಂದು ಕೇಳಿದರು. ಇಲ್ಲ, ಅತ್ತೆಗೆ ಓದು ಬರುವುದಿಲ್ಲವೆಂದು ಓದುತ್ತಾಳೆ ಎಂದೆ. ಧುಪದಾಳದ ಹತ್ತಿರ ಅವರು ಮತ್ತೆ ಗಾಡಿ ನಿಧಾನ ಮಾಡಿದರು. ಆಮೇಲೆ, ಅಲ್ಲಿ ಜೀವ ಇಲ್ಲವೆಂದು ನೀವು ಹೇಳಿದ್ದನ್ನು ನಾನು ಮರೆಯುತ್ತೇನೆ ಎಂದರು.

ಮುಂದಿನ ಭಾನುವಾರ ಗೋಕಾಕದ ಆರಾಧನೆ ಮುಗಿಸಿ ಮನೆಗೆ ಬಂದು ಊಟ ಮಾಡಿದೆ. ನಾಗರತ್ನಾ ಮಂಚಕ್ಕೆ ಒಗೆದ ಚಾದರ ಹಾಸಿದ್ದಳು. ಎಷ್ಟೋ ವರ್ಷಗಳಿಂದ ಕಂಡ ಕನಸು ಅದು. ಫ್ಯಾನ್ ಹಚ್ಚಿಕೊಂಡು ಬಿದ್ದುಕೊಂಡೆ. ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸಿದೆ, ದಿಂಬು ತಿರುಗಿಸಿದೆ. ಈಗ ಅವರು ಚಾಪೆ ಹಾಸಿರುತ್ತಾರೆ, ಈಗ ಅಲ್ಲವ್ವ ಬಂದಿರುತ್ತಾಳೆ ಎಂದೇ ತಲೆಯಲ್ಲಿ ಓಡುತ್ತಿತ್ತು. ನಾನಿಲ್ಲದೆಯೂ ಅವರಿಗೆ ನಡೆಯುತ್ತದೆ ಎಂಬುದು ಒಳಗೆ ಚುಚ್ಚುತ್ತಿತ್ತು. ಇಂದು ಸಣ್ಣ ದನಿಯಲ್ಲಿ ಹಾಡುವ ಅಗತ್ಯ ಅವರಿಗಿಲ್ಲ ಎಂಬುದು ಇನ್ನೂ ಹೆಚ್ಚು ನೋಯಿಸಿತು. ಮೂರು ಸಭೆ ನಡೆಸುವವನಾಗಿ ಇಷ್ಟು ವರ್ಷ ತಿರುಗಿದೆ. ನನ್ನದೆಂದು ಒಂದು ಸಭೆ ಇದ್ದದ್ದು ಎಲ್ಲಿ ಎಂದು ಈಗ ಮಂಚದ ಮೇಲೆ ತಿಳಿಯಿತು.

ಎದ್ದು ಅಂಗಿ ಹಾಕಿಕೊಂಡೆ. ಬೈಕಿನ ಕೀಲಿ ಗೂಟದಲ್ಲೇ ಬಿಟ್ಟೆ, ಬಸ್ಸಿಗೆ ಹೋಗುವುದೆಂದುಕೊಂಡೆ. ಬೈಬಲ್ಲನ್ನೂ ಎತ್ತಿಕೊಳ್ಳಲಿಲ್ಲ. ಬರಿಗೈಯಲ್ಲಿ ಹೊರಟವನನ್ನು ಕಂಡು ನಾಗರತ್ನಾ ಎಲ್ಲಿಗೆ ಎಂದು ಕೇಳಿದಳು.

"ಚರ್ಚಿಗೆ ಹೋಗಿ ಬರ್ತೇನಿ" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು, ಏನೂ ತಿದ್ದಲಿಲ್ಲ.

ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಲ್ಲವ್ವನ ದನಿ ಬೀದಿಯ ತುದಿಗೇ ಕೇಳಿಸುತ್ತಿತ್ತು, ಎಷ್ಟು ದೊಡ್ಡ ದನಿ ಎಂದು ನನಗೆ ಅಂದೇ ಗೊತ್ತಾದದ್ದು. ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟೆ. ಯಾರೂ ಹಾಡು ನಿಲ್ಲಿಸಲಿಲ್ಲ. ಗುಡ್ಡವ್ವ ಹಾಡುತ್ತಲೇ ಒಂದು ಕೈಯಲ್ಲಿ ಕೌದಿ ಎಳೆದು ಗೋಡೆಯ ಕಡೆ ದೂಡಿದಳು, ಇನ್ನೊಂದು ಕೈಯನ್ನು ಅಲ್ಲವ್ವನ ಮೊಣಕಾಲಿನ ಮೇಲೆ ಇಟ್ಟಳು. ದನಿ ತಗ್ಗಿತು. ನಾನು ಒರಗಿ ಕುಳಿತೆ.

ಎರಡನೇ ಚರಣದವರೆಗೆ ನೆನಪಿದೆ.