ಮಾಲೀಕರ ಪ್ಯಾಂಟು

ಟೀಚರಮ್ಮ ಕೈಚೀಲದಿಂದ ಗಂಡಸರ ಪ್ಯಾಂಟೊಂದನ್ನು ಹೊರಗೆಳೆದು ಮೇಜಿನ ಮೇಲೆ ಹರಡಿದಾಗ ಸಂಘದ ಕಚೇರಿಯಲ್ಲಿದ್ದವರೆಲ್ಲ ಕುತ್ತಿಗೆ ಚಾಚಿ ನೋಡಿದರು.

"ಇದ್ಯಾರದ್ದು?" ಎಂದು ಕಾರ್ಯದರ್ಶಿ ಕೇಳಿದರು.

"ಮನೆ ಮಾಲೀಕರದ್ದು. ಕಾಲು ಗಿಡ್ಡ ಮಾಡಿಕೊಡಿ ಅಂದ್ರು. ದರ್ಜಿ ಅಂತ ಹೇಳ್ಕೊಂಡು ಹೋದವಳು ಹೇಗೆ ಬೇಡ ಅನ್ಲಿ?"

ಕಾಲುವೆಯಾಚೆಯ ಸಾಲುಮನೆಗಳಿಗೆ ಬೆಂಕಿ ಬಿದ್ದ ಮೇಲೆ ಸಂಘದವರು ಹಾಸಿಗೆ ಹೊದಿಕೆ ಕೊಟ್ಟು ಜನರನ್ನು ತಮ್ಮ ಸಭಾಂಗಣದಲ್ಲೇ ಇರಿಸಿಕೊಂಡಿದ್ದರು. ಅವರಿಗೆ ಮನೆ ಹುಡುಕುವುದು ಮಾತ್ರ ಕಬ್ಬಿಣದ ಕಡಲೆಯಾಗಿತ್ತು. ಕಾಲುವೆಯಾಚೆಯವರ ಕಪ್ಪು ಮೈಬಣ್ಣ ಕಂಡೊಡನೆ ಊರಿನ ಖಾಲಿ ಮನೆಗಳೆಲ್ಲ ಹೇಗೋ ತುಂಬಿಬಿಡುತ್ತಿದ್ದವು. ಅದಕ್ಕೇ ಸಂಘದವರು ಒಂದು ಉಪಾಯ ಹೂಡಿದ್ದರು. ಇಲ್ಲವೆನ್ನಿಸಿಕೊಂಡು ಬಂದವರ ಬೆನ್ನಿಗೇ ಬಿಳಿ ತೊಗಲಿನ ಒಬ್ಬರನ್ನು ಅದೇ ಬಾಗಿಲಿಗೆ ಕಳಿಸುವುದು. ಅದೇ ಕಸುಬು, ಅದೇ ಸಂಸಾರ, ಅದೇ ಮಾತು, ಬಣ್ಣವೊಂದೇ ಬೇರೆ. ಹೋದವರು ಏನನ್ನೂ ಕೊಡಬಾರದು, ಏನನ್ನೂ ತರಬಾರದು. ಕೇಳಿಸಿಕೊಂಡು ಬಂದು ಹೇಳಿದರೆ ಸಾಕು, ಮುಂದೆ ವಸತಿ ಮಂಡಳಿಗೆ ದೂರು.

ಈ ಸಲ ಇಲ್ಲವೆನ್ನಿಸಿಕೊಂಡವಳು ಹೊಲಿಗೆಯಕ್ಕ, ಬೆನ್ನಿಗೆ ಹೋದವರು ಬಿಳಿ ತೊಗಲಿನ ಟೀಚರಮ್ಮ. ಔಷಧದಂಗಡಿಯ ಮೇಲಿನ ಮನೆ, ಎರಡೇ ಕೋಣೆ, ಆದರೆ ಬೀದಿಗೆ ಇಷ್ಟಗಲದ ಕಿಟಕಿ. ಕೆಳಗೆ ನಿಂತು ನೋಡುವಾಗಲೇ ಅವಳು ಮನಸ್ಸಿನಲ್ಲಿ ಅಲ್ಲಿ ಹೊಲಿಗೆ ಯಂತ್ರ ಇಟ್ಟು ಹೊಲಿಯತೊಡಗಿದ್ದಳು. ಮಾಲೀಕ ಬಾಗಿಲನ್ನು ಪೂರ್ತಿ ತೆರೆಯಲೂ ಇಲ್ಲ, "ನಿನ್ನೆ ತಾನೇ ಹೋಯ್ತಮ್ಮ" ಎಂದುಬಿಟ್ಟ. ತಿಂಗಳ ಕೊನೆಗೆ ಸಭಾಂಗಣ ಖಾಲಿ ಮಾಡಬೇಕಿತ್ತು. ಆಮೇಲೆ ಅತ್ತೆಯನ್ನೂ ಮಗಳನ್ನೂ ಕಟ್ಟಿಕೊಂಡು ಊರಾಚೆಯ ಡೇರೆಗಳೇ ಗತಿ. ಅಲ್ಲಿ ಅವಳಿಗೆ ಗಿರಾಕಿಯಿಲ್ಲ, ಮಗಳಿಗೆ ಶಾಲೆಯಿಲ್ಲ.

ಹೊಲಿಗೆಯಕ್ಕ ಪ್ಯಾಂಟನ್ನು ಎತ್ತಿ ನೋಡಿದಳು. ಕಾಲು ತೂರಿಸುವ ಬಾಯಿ ಎರಡೂ ಕಡೆ ಭದ್ರವಾಗಿ ಹೊಲಿದುಹೋಗಿತ್ತು.

"ಟೀಚರಮ್ಮ, ಇದು ಪ್ಯಾಂಟಾ, ದಿಂಬಿನ ಚೀಲಾನಾ?"

"ಮನೇಲಿ ಕೂತು ನಾನೇ ಹೊಲಿದೆ," ಎಂದರು ಟೀಚರಮ್ಮ. ಬದುಕಿಡೀ ಮಕ್ಕಳಿಗೆ ಹಿಡಿದ ಕೆಲಸ ಮುಗಿಸದೆ ಏಳಬೇಡಿ ಎಂದು ಪಾಠ ಹೇಳಿದವರು. ಸುಮ್ಮನೆ ಕೂರುವುದಾದರೂ ಹೇಗೆ? "ಬಟ್ಟೆನೇ ಸರಿ ಇಲ್ಲ ಅನ್ಸುತ್ತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದಳು ಮೂಲೆಯಲ್ಲಿದ್ದ ಅತ್ತೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಾರ್ಯದರ್ಶಿಯೊಬ್ಬರನ್ನು ಬಿಟ್ಟು. "ನಗ್ತೀರಲ್ಲ! ಏನೂ ತರಬಾರದು ಅಂತ ನಿಯಮ. ಇದು ಗೊತ್ತಾದ್ರೆ ಮಂಡಳಿಯವರು ದೂರನ್ನೇ ಎತ್ತಿ ಒಗೀತಾರೆ. ಮಾಡಿದ್ದೆಲ್ಲ ನೀರಲ್ಲಿ ಹೋಮ."

ನಗು ಅಲ್ಲಿಗೇ ಸತ್ತಿತು. ಆದರೂ ಹೊಲಿಗೆಯಕ್ಕ ಕೇಳಿದಳು, "ಮನೆ ಕೊಡ್ತೀನಿ ಅಂದ್ರಾ?"

"ನಾಳೆಯೇ ಬನ್ನಿ ಅಂದ್ರು."

"ಅತ್ತೆ ಇದ್ದಾರೆ ಅಂದ್ರಾ?"

"ಹಿರಿಯರಿದ್ರೆ ಮನೆಗೆ ಲಕ್ಷಣ ಅಂದ್ರು."

"ಯಂತ್ರದ ಸದ್ದಿಗೆ?"

"ದುಡಿಯೋರ ಸದ್ದು ಕಿವಿಗೆ ಹಿತ ಅಂದ್ರು."

ಹೊಲಿಗೆಯಕ್ಕ ಪ್ಯಾಂಟನ್ನು ಮೇಜಿನ ಮೇಲಿಟ್ಟಳು. "ಗಂಡ ತೀರಿಹೋದದ್ದು ಹೇಳಿದ್ರಾ?"

"ಹೇಳಿದೆ." ಟೀಚರಮ್ಮನ ದನಿ ಇಳಿಯಿತು. "ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಹೊಲಿಗೆಯಕ್ಕನಿಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಉಕ್ಕಿ ಬಂದದ್ದು ಸಿಟ್ಟು. ಅವಳು ಕತ್ತರಿ ತೆಗೆದುಕೊಂಡು ಟೀಚರಮ್ಮನ ಹೊಲಿಗೆಯನ್ನು ಬಿಚ್ಚಿದಳು, ಅಂಚು ಮಡಿಸಿದಳು, ಬೆಂಕಿಯಿಂದ ಉಳಿದಿದ್ದ ತನ್ನ ಯಂತ್ರಕ್ಕೆ ಕೊಟ್ಟಳು. ಕಾರ್ಯದರ್ಶಿ ಮೀನಮೇಷ ಎಣಿಸುತ್ತಿರುವಷ್ಟರಲ್ಲಿ ಪ್ಯಾಂಟು ಇಸ್ತ್ರಿಯಾಗಿ ಮಡಿಕೆಯಾಗಿತ್ತು.

"ನಾನೇ ವಾಪಸ್ ಕೊಟ್ಟು ಬರ್ತೀನಿ," ಎಂದಳು. "ನೀವೆಲ್ಲ ಬನ್ನಿ. ಅತ್ತೆ, ನೀವೂ."

ಔಷಧದಂಗಡಿಯ ಮುಂದೆ ಜನ ಸಾಲಾಗಿ ನಿಂತಿದ್ದರು. ಪಕ್ಕದ ಬಾಗಿಲು ಮತ್ತೆ ಅರ್ಧವೇ ತೆರೆಯಿತು.

"ಹೇಳಿದ್ನಲ್ಲಮ್ಮ, ಮನೆ ಕೊಟ್ಟಾಯ್ತು."

"ಗೊತ್ತು, ಒಬ್ಬ ದರ್ಜಿಗೆ ಕೊಟ್ಟಿದ್ದೀರಿ. ತಗೊಳ್ಳಿ, ನಿಮ್ಮ ಪ್ಯಾಂಟು."

ಮಾಲೀಕ ಪ್ಯಾಂಟು ನೋಡಿದ, ಅವಳನ್ನು ನೋಡಿದ, ಅವಳ ಹಿಂದಿದ್ದ ಟೀಚರಮ್ಮನನ್ನು ನೋಡಿದ.

"ನಾನು ದರ್ಜಿ ಅಲ್ಲ," ಎಂದರು ಟೀಚರಮ್ಮ. "ನನಗೆ ಗುಂಡಿ ಹಾಕೋಕೂ ಬರಲ್ಲ. ಅವತ್ತು ಹೇಳಿದ್ದೆಲ್ಲ ಈಕೆಯ ಬದುಕು."

"ನಾಟಕ ಆಡಿ ಮೋಸ ಮಾಡ್ತೀರಾ?" ಮಾಲೀಕ ದನಿಯೇರಿಸಿದ. ಅಂಗಡಿ ಮುಂದಿನ ಸಾಲು ಇತ್ತ ತಿರುಗಿತು.

"ಇದರಲ್ಲಿ ಮೋಸ ಯಾವುದು?" ಎಂದಳು ಹೊಲಿಗೆಯಕ್ಕ. "ಅತ್ತೆ ಇವರೇ. ಕಸುಬು ನಿಮ್ಮ ಕೈಯಲ್ಲೇ ಇದೆ. ನೀವು ಕಣ್ಣೀರು ಹಾಕಿದ್ದು ನನ್ನ ಗಂಡನಿಗೆ. ನನ್ನ ಬದುಕಿಗೆಲ್ಲ ಹೂಂ ಅಂದಿದ್ದೀರಿ, ಮುಖಕ್ಕೆ ಮಾತ್ರ ಇಲ್ಲ ಅಂದ್ರಿ. ಅದ್ಯಾಕೆ ಅಂತ ಈಗ ಈ ಮುಖ ನೋಡ್ಕೊಂಡೇ ಹೇಳಿ. ಹೋಗ್ತೀನಿ."

ಸಾಲಿನಲ್ಲಿದ್ದ ಮುದುಕನೊಬ್ಬ, "ಹೇಳ್ರಿ, ನಾವೂ ಕೇಳ್ತೀವಿ," ಎಂದ. ಕಾರ್ಯದರ್ಶಿ ಬಹಳ ಮೆತ್ತಗೆ, "ಇಲ್ಲಿ ಸಂಕೋಚ ಆದ್ರೆ ಮಂಡಳಿ ಮುಂದೆ ಹೇಳಬಹುದು," ಎಂದರು.

ಮಾಲೀಕ ಪ್ಯಾಂಟಿನ ಅಂಚನ್ನು ಬೆರಳಲ್ಲಿ ಸವರುತ್ತ ನಿಂತ. ಅವನ ಕಿವಿಗಳು ಕೆಂಪಾಗಿದ್ದವು. ಕೊನೆಗೆ ನೆಲ ನೋಡಿಕೊಂಡು, "ಬಚ್ಚಲ ಸೂರು ಸೋರುತ್ತೆ," ಎಂದ.

"ರಿಪೇರಿ ಮಾಡಿಸಿಕೊಡಿ," ಎಂದಳು ಅತ್ತೆ.

"ಮುಂದಿನ ತಿಂಗಳು ಬನ್ನಿ ಹಾಗಾದ್ರೆ."

"ಟೀಚರಮ್ಮಂಗೆ ನಾಳೆ ಬನ್ನಿ ಅಂದಿದ್ರಂತೆ," ಎಂದಳು ಹೊಲಿಗೆಯಕ್ಕ, "ನಾವೂ ನಾಳೆಯೇ ಬರ್ತೀವಿ."

ಮಾಲೀಕ ಒಳಗೆ ಹೋಗಿ ಬೀಗದ ಕೈ ತಂದುಕೊಟ್ಟ. ಔಷಧದಂಗಡಿಯ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು. ಟೀಚರಮ್ಮ ಮಕ್ಕಳಂತೆ ಕುಣಿದಾಡಿದರು. ಅವತ್ತು ನೆಲ ಡೊಂಕಿರಲಿಲ್ಲ.

ಮರುದಿನ ಸಭಾಂಗಣಕ್ಕೆ ಸಭಾಂಗಣವೇ ಎದ್ದು ಬಂತು. ಒಬ್ಬರ ಹೆಗಲಲ್ಲಿ ಮಂಚ, ಒಬ್ಬರ ತಲೆಯಲ್ಲಿ ಪಾತ್ರೆಗಳು. ಹಿಂದೆ ಬಸ್ಸು ಓಡಿಸುತ್ತಿದ್ದ ಕಾರ್ಯದರ್ಶಿ ಇಕ್ಕಟ್ಟಿನ ಮೆಟ್ಟಿಲ ಮೇಲೆ ನಿಂತು, "ಬರ್ಲಿ, ಬರ್ಲಿ, ಎಡಕ್ಕೆ ಹೊಡೀರಿ," ಎಂದು ಯಂತ್ರವನ್ನು ಮೇಲಕ್ಕೆ ಹತ್ತಿಸಿದರು. ಹೊಲಿಗೆಯಕ್ಕ ಕಿಟಕಿಯ ಕೆಳಗೆ ಬಿಸಿಲು ಬಿದ್ದ ನೆಲದ ಮೇಲೆ ಒಂದು ನಿಮಿಷವೆಂದು ಕೂತಳು. ಕೂತವಳು ಹಾಗೇ ವಾಲಿಕೊಂಡು ನಿದ್ದೆ ಹೋದಳು. ಬೆಂಕಿ ಬಿದ್ದಂದಿನಿಂದ ಅವಳು ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ.

ಸೊಸೆ ಹಗಲು ಒಂದು ಗಳಿಗೆ ಗೋಡೆಗೆ ಒರಗಿದರೂ ಗೊಣಗುವ ಅತ್ತೆ ಎದ್ದು ಬಂದು ಬಾಗಿಲಿಗೆ ಅಡ್ಡ ಕೂತಳು. ಸಾಮಾನು ಹೊತ್ತು ಬಂದವರಿಗೆಲ್ಲ ಕಣ್ಣಲ್ಲೇ ಗದರಿದಳು. ಅಷ್ಟರಲ್ಲಿ ಏಣಿಯನ್ನೂ ಸುತ್ತಿಗೆಯನ್ನೂ ಹಿಡಿದು ಮಾಲೀಕ ಮೇಲೆ ಬಂದ.

"ಆಮೇಲೆ ಬನ್ನಿ," ಎಂದು ಅತ್ತೆ ಪಿಸುಗುಟ್ಟಿದಳು. "ಮನೆಯವಳು ಮಲಗಿದ್ದಾಳೆ."

ಮಾಲೀಕ ತಲೆಯಾಡಿಸಿದ. ಏಣಿ ಗೋಡೆಗೆ ತಗುಲದಂತೆ ಎದೆಗೆ ಅವಚಿಕೊಂಡು, ಒಂದೊಂದೇ ಮೆಟ್ಟಿಲನ್ನು ಕಾಲಿಂದ ತಡವಿ ತಡವಿ, ಸದ್ದಿಲ್ಲದೆ ಕೆಳಗಿಳಿದ.