ಠೇವಣಿಗೆ ಹೋದ ತುರ್ತು ನಿಧಿ

ಕೊರೊನಾದ ಎರಡನೇ ಅಲೆ ಬಂದ ಮೇ ತಿಂಗಳು. ಕಲ್ಲೋಳಿಯಲ್ಲಿ ಕೆಮ್ಮು ಹತ್ತಿದವರು ಬಾಗಿಲು ಹಾಕಿಕೊಂಡು ಕೆಮ್ಮುತ್ತಿದ್ದರು. ಕೆಮ್ಮಿದ್ದು ಹೊರಗೆ ಕೇಳಿಸಿದರೆ ಹಾಲು ಹಾಕುವವನೂ ಆ ಬಾಗಿಲು ಬಿಟ್ಟು ಮುಂದೆ ಹೋಗುತ್ತಿದ್ದ. ಗೋಕಾಕಕ್ಕೆ ಹೋಗಬೇಕೆಂದರೆ ಬಸ್ಸಿಲ್ಲ. ಕಾರು ಇದ್ದವರು ರೋಗಿ ಎಂದ ಕೂಡಲೇ ಫೋನು ಇಡುತ್ತಿದ್ದರು. ಇಡದವರು ಏಳು ಸಾವಿರ ಕೇಳುತ್ತಿದ್ದರು.

ಅಂಥದೊಂದು ಬೆಳಿಗ್ಗೆ ಆಶಾ ಕಾರ್ಯಕರ್ತೆ ಕಸ್ತೂರಿ, ಗಾದಿ ಹೊಲಿಯುವ ನಿಜಾಮಸಾಬನ ಮನೆಗೆ ಹೋದಳು. ಆತನ ಬೆರಳಿಗೆ ಆಕ್ಸಿಜನ್ ನೋಡುವ ಯಂತ್ರ ಸಿಕ್ಕಿಸಿದಳು. ಎಂಬತ್ತೊಂಬತ್ತು ತೋರಿಸಿತು. ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದರೆ ದವಾಖಾನೆಗೆ ಒಯ್ಯಬೇಕೆಂದು ಆಕೆಗೆ ಹೇಳಿಕೊಟ್ಟಿದ್ದರು.

"ಉಸಿರು ಹೆಂಗೈತಿ ಚಾಚಾ?"

"ಎದಿಯೊಳಗ ಯಾರೋ ಹತ್ತಿ ತುಂಬಿದಂಗ ಆಗೈತಿ. ನನ್ನ ಕೆಲಸಾ ನನಗ ಮಾಡಾಕತ್ತಾರ" ಎಂದು ನಿಜಾಮಸಾಬ ನಗಲು ಹೋಗಿ ಕೆಮ್ಮಿದ.

ಅವನ ಹೆಂಡತಿ ಗುಡುಬಿ ಕಸ್ತೂರಿಯನ್ನು ಬಾಗಿಲ ತನಕ ಕರೆತಂದಳು. "ಖರೆ ಹೇಳವಾ. ಒಯ್ಯಬೇಕೇನು?"

"ಇವತ್ತ ಒಯ್ಯಬೇಕ ಚಾಚಿ."

"ಯಾವುದ್ರಾಗ ಒಯ್ಯೂಣು? ನನ್ನ ಹತ್ರ ಎಂಟನೂರು ರೂಪಾಯಿ ಅದಾವ."

ಕಸ್ತೂರಿ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಸರದಿಯಲ್ಲಿ ಏಳು ರೋಗಿಗಳು ಮುಂದಿದ್ದರು. ಅವಳು ನೇರವಾಗಿ ಶಿದ್ಲಿಂಗಪ್ಪನ ಮನೆಯ ಕಡೆಗೆ ನಡೆದಳು.

ಶಿದ್ಲಿಂಗಪ್ಪ ಊರಿನ ಸೇವಾ ಸಂಸ್ಥೆಯ ಅಧ್ಯಕ್ಷ. ಪುಣೆಯ ದಾನಿಗಳ ಸಂಸ್ಥೆಯೊಂದು ಕೊರೊನಾ ಕೆಲಸಕ್ಕೆ ಹಳ್ಳಿಯ ಸಂಸ್ಥೆಗಳಿಗೆ ತುರ್ತು ಅನುದಾನ ಕೊಡುತ್ತದೆಂದು ತಿಳಿದಾಗ, ಕಸ್ತೂರಿಯೇ ಮನೆಮನೆ ತಿರುಗಿ ರೋಗಿಗಳ ಯಾದಿ ಬರೆದುಕೊಟ್ಟಿದ್ದಳು. ಎರಡು ಆಕ್ಸಿಜನ್ ಯಂತ್ರ, ರೋಗಿಗಳನ್ನು ಒಯ್ಯಲು ಬಾಡಿಗೆ ಗಾಡಿ, ಮನೆಯಲ್ಲೇ ಉಳಿದವರಿಗೆ ರೇಶನ್ ಎಂದು ಮೂರು ಲಕ್ಷ ರೂಪಾಯಿ ಕೇಳಿದ್ದರು. ಆಮೇಲೆ ಎರಡು ಸಲ ವಿಚಾರಿಸಿದಾಗಲೂ ಶಿದ್ಲಿಂಗಪ್ಪ "ನೋಡೂಣು" ಎಂದಿದ್ದ. ಹಣ ಇನ್ನೂ ಬಂದಿಲ್ಲವೆಂದೇ ಅವಳು ತಿಳಿದಿದ್ದಳು.

ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಸಂಸ್ಥೆಯ ಕಾರ್ಯದರ್ಶಿ ಮಹಾಂತೇಶ ಫೈಲು ಹಿಡಿದು ಬಾಜೂಕ್ಕೆ ಕುಳಿತಿದ್ದ.

"ಕಾಕಾ, ಪುಣೆ ರೊಕ್ಕ ಯಾವಾಗ ಬರ್ತಾವ್ರಿ?"

"ಬಂದು ಹತ್ತೊಂಬತ್ತ ದಿನಾ ಆತು. ಚಿಂತಿ ಮಾಡಬ್ಯಾಡ, ಒಂದ ರೂಪಾಯಿ ಹಾಳಾಗಿಲ್ಲ. ಪತ್ತಿನ ಸಂಘದಾಗ ಠೇವು ಇಟ್ಟೇವಿ. ಗಂಟು ಹಂಗ ಇರತೈತಿ. ಬಡ್ಡಿಯೊಳಗ ವರ್ಷಾ ಒಂದ ಆರೋಗ್ಯ ಶಿಬಿರ ಮಾಡೂಣು."

ಚೇಷ್ಟೆ ಮಾಡುತ್ತಿರಬೇಕು ಎಂದುಕೊಂಡಳು ಕಸ್ತೂರಿ. ಆತನ ಮುಖ ನೋಡಿದಳು. ಚೇಷ್ಟೆ ಇರಲಿಲ್ಲ, ಹೆಮ್ಮೆ ಇತ್ತು.

"ಕಾಕಾ, ಈ ರೊಕ್ಕ ಈಗಿನ ಜಡ್ಡಿನವರ ಸಲುವಾಗಿ ಬಂದದ್ದು."

"ಜಡ್ಡು ಮುಂದಿನ ವರ್ಷ ಬರೂದಿಲ್ಲೇನು?"

"ಜಡ್ಡು ಬರತೈತ್ರಿ. ನಿಜಾಮ ಚಾಚಾ ಇರತಾನೇನು?"

ಶಿದ್ಲಿಂಗಪ್ಪ ಕಳ್ಳನಲ್ಲ. ಹಿಂದಿನ ಅಧ್ಯಕ್ಷ ಬೋರವೆಲ್ಲಿಗೆ ಬಂದ ಹಣ ನುಂಗಿದ ಮೇಲೆ ಊರವರೇ ಈತನ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದ್ದರು. ಸಂಸ್ಥೆಯ ಹಣದಲ್ಲಿ ಒಂದು ಕಪ್ಪು ಚಹಾ ಕುಡಿದವನಲ್ಲ. ಅದಕ್ಕೇ ಕಸ್ತೂರಿಗೆ ಮೈಯೆಲ್ಲ ಉರಿಯಿತು. ಕಳ್ಳನಾಗಿದ್ದರೆ ಪೊಲೀಸರಿಗೆ ಹಿಡಿದುಕೊಡಬಹುದಿತ್ತು. ಇಂಥ ಪ್ರಾಮಾಣಿಕತೆಯನ್ನು ಯಾರಿಗೆ ಹಿಡಿದುಕೊಡಬೇಕು?

"ನಾಳೆ ಯಾರರೆ ಬಂದು ರೊಕ್ಕ ಎಲ್ಲಿ ಅಂದ್ರ?" ಎಂದ ಶಿದ್ಲಿಂಗಪ್ಪ. "ಠೇವಿನ ಪಾವತಿ ತೋರಸ್ತೇನಿ. ನನಗ ಯಾರೂ ಬೆರಳ ಮಾಡಿ ಮಾತಾಡಬಾರ್ದು."

"ತೋರಸ್ರಿ. ಮೊದಲ ಮುತ್ತಪ್ಪನ ಹೇಣ್ತಿಗೆ ತೋರಸ್ರಿ."

ಗೌಂಡಿ ಕೆಲಸದ ಮುತ್ತಪ್ಪ ಹತ್ತು ದಿನಗಳ ಹಿಂದೆ ಗಾಡಿಯ ದಾರಿ ಕಾಯುತ್ತ ಮನೆಯಲ್ಲೇ ತೀರಿಕೊಂಡಿದ್ದ.

ಒಳಗಿನಿಂದ ಶಿದ್ಲಿಂಗಪ್ಪನ ಹೆಂಡತಿ ಅನ್ನಪೂರ್ಣಾ ಹೊರಗೆ ಬಂದಳು. "ಮಹಾಂತೇಶ, ರೊಕ್ಕದ ಕೂಡ ಪತ್ರ ಬಂದಿತ್ತಲ್ಲ, ಪೂರ್ತಿ ಓದೀಯೇನು?"

"ಮೊದಲ್ನೇ ಪಾನು ಓದೇನ್ರಿ ಯಕ್ಕಾ. ಮೂರು ಲಕ್ಷ ಮಂಜೂರ ಅಂತ ಇತ್ತು."

"ಎರಡನೇದು?"

"ಅದರಾಗ ಬರೇ ನಿಯಮ ಅದಾವ್ರಿ."

"ನಿಯಮ ಏನ್ ಚಂದ ಕಾಣ್ಲಿ ಅಂತ ಬರದಿರ್ತಾರ? ತಗಿ ಇಲ್ಲೆ."

ಕಸ್ತೂರಿಯೇ ಫೈಲು ಕಸಿದುಕೊಂಡಳು. ಎರಡನೇ ಪುಟ ಕನ್ನಡದಲ್ಲೇ ಇತ್ತು. ಅವಳು ಗಟ್ಟಿಯಾಗಿ ಓದಿದಳು: ಈ ಹಣ ಅರ್ಜಿಯಲ್ಲಿ ಬರೆದ ತುರ್ತು ಕೆಲಸಕ್ಕೆ ಮಾತ್ರ. ಅರವತ್ತು ದಿನಗಳೊಳಗೆ ಬಳಸಬೇಕು. ಬಳಸದೆ ಉಳಿದದ್ದನ್ನು ಹಿಂದಿರುಗಿಸಬೇಕು. ಠೇವಣಿ ಇಡಬಾರದು, ಸಾಲ ಕೊಡಬಾರದು. ಪ್ರತಿ ಖರ್ಚಿಗೂ ರಸೀದಿ ಇಡಬೇಕು.

"ಕೇಳಿದ್ರಿಲ್ಲ ಕಾಕಾ? ಖರ್ಚ ಮಾಡಿದ್ದಕ್ಕ ಲೆಕ್ಕಾ ಕೇಳ್ಯಾರ. ಉಳಿಸಿದ್ದಕ್ಕ ಶಾಬಾಶ್ ಅಂದಿಲ್ಲ."

ಶಿದ್ಲಿಂಗಪ್ಪ ಆ ಪುಟವನ್ನು ತಾನೂ ಒಮ್ಮೆ ಓದಿದ. ಎದ್ದು ಒಳಗೆ ಹೋಗಿ ಏಳು ಸಾವಿರ ರೂಪಾಯಿ ತಂದ. "ಇದು ನನ್ನ ಸ್ವಂತದ್ದು. ನಿಜಾಮಸಾಬನ್ನ ಕಳಿಸಿಕೊಡು. ಠೇವು ಮಾತ್ರ ಈಗ ಮುರಿಯೂದು ಬ್ಯಾಡ, ಬಡ್ಡಿ ಎಲ್ಲಾ ಹೋಗತೈತಿ. ಪುಣೆದವರಿಗೆ ಒಂದ ಪತ್ರಾ ಬರದು ಕೇಳೂಣು."

ಕಸ್ತೂರಿ ಹಣ ಬೇಡವೆನ್ನಲಿಲ್ಲ. ಅಲ್ಲೇ ಗಾಡಿಯವನಿಗೆ ಫೋನು ಹಚ್ಚಿ, ನಿಜಾಮಸಾಬನ ಮನೆಯ ಗುರುತು ಹೇಳಿದಳು. ಆಮೇಲೆ ಶಿದ್ಲಿಂಗಪ್ಪನ ಕಡೆ ತಿರುಗಿದಳು.

"ನನ್ನ ಯಾದಿಯೊಳಗ ಇನ್ನಾ ಹದಿನಾರ ಮಂದಿ ಅದಾರ. ಎಲ್ಲಾರಿಗೂ ನಿಮ್ಮ ಕಿಸೆ ಸಾಕಾಗತೈತೇನು? ಅವರ ಹೆಸರ ಬರದು ರೊಕ್ಕ ತರಿಸೇವಿ. ಈಗ ಅವರು ನಿಮ್ಮ ಬಾಗಲಿಗೆ ಬಂದು ಕೈಯೊಡ್ಡಬೇಕೇನು? ಇದು ದಯಾ ಅಲ್ಲ ಕಾಕಾ. ಅವರ ರೊಕ್ಕ ಅವರಿಗೆ ಮುಟ್ಟಸ್ರಿ."

"ಬಡ್ಡಿ..." ಎಂದು ಶಿದ್ಲಿಂಗಪ್ಪ ಬಾಯಿ ತೆರೆದ.

ಅನ್ನಪೂರ್ಣಾ ತಡೆದಳು. "ನಿಮ್ಮ ಹೆಸರು ಕೆಡಬಾರ್ದಂತ ಮಂದಿ ಸಾಯಬೇಕೇನ್ರಿ? ಅಂಗಿ ಹಾಕ್ಕೋರಿ. ಲಾಕ್‌ಡೌನ್ ಐತಿ, ಹತ್ತಕ್ಕ ಸಂಘದ ಬಾಗಲಾ ಹಾಕ್ತಾರ."

ಶಿದ್ಲಿಂಗಪ್ಪ ಅಂಗಿ ಹಾಕಿಕೊಂಡ. ಮಹಾಂತೇಶ ತನ್ನ ಬೈಕು ತಿರುಗಿಸಿದ. ಹತ್ತು ಗಂಟೆಯೊಳಗೆ ಠೇವಣಿ ಮುರಿಯಿತು. ಬಡ್ಡಿ ಒಂದು ಪೈಸೆಯೂ ಸಿಗಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಮೂರನೆಯ ದಿನಕ್ಕೆ ಎರಡು ಯಂತ್ರ ಬಂದವು. ಸಂಸ್ಥೆ ಗೊತ್ತು ಮಾಡಿದ ಗಾಡಿ ಹಗಲೂ ರಾತ್ರಿ ಊರಲ್ಲೇ ನಿಂತಿತು. ಯಾದಿಯ ಹದಿನಾರು ಜನರಲ್ಲಿ ಐವರನ್ನು ಅದು ಗೋಕಾಕಕ್ಕೆ ಒಯ್ದಿತು. ಐವರೂ ತಿರುಗಿ ಬಂದರು. ನಿಜಾಮಸಾಬ ಹನ್ನೊಂದು ದಿನ ದವಾಖಾನೆಯಲ್ಲಿದ್ದು ಮನೆಗೆ ಬಂದ. ಮಹಾಂತೇಶ ಡೀಸೆಲ್ಲಿನಿಂದ ಹಿಡಿದು ಬೇಳೆಯ ತನಕ ಎಲ್ಲ ರಸೀದಿಗಳನ್ನೂ ಒಂದು ವಹಿಗೆ ಅಂಟಿಸಿದ. ಅರವತ್ತು ದಿನ ತುಂಬುವ ಮೊದಲೇ ಲೆಕ್ಕ ಪುಣೆಗೆ ಹೋಯಿತು.

ಜಡ್ಡು ಇಳಿದ ಮೇಲೆ ಶಿದ್ಲಿಂಗಪ್ಪ ಊರ ಸಭೆ ಕರೆದ. ಯಾರೂ ಹೇಳದಿದ್ದರೂ ಪತ್ರದ ಎರಡೂ ಪುಟಗಳನ್ನು ನಿಂತು ಓದಿದ. ನಡೆದದ್ದನ್ನು ಮುಚ್ಚಿಡದೆ ಹೇಳಿದ.

ಹೆಂಗಸರ ಸಾಲಿನಿಂದ ಮುತ್ತಪ್ಪನ ಹೆಂಡತಿ ಮಾಲಾ ಎದ್ದು ನಿಂತಳು.

"ರೊಕ್ಕ ಬಂದದ್ದು ಯಾವತ್ತರಿ ಕಾಕಾ?"

"ಮೇ ಮೂರಕ್ಕ."

"ಅವರು ಹೋಗಿದ್ದು ಹನ್ನೆರಡಕ್ಕ." ಮಾಲಾ ಬೆರಳು ಮಡಚಿ ಎಣಿಸಿದಳು. "ಹಂಗಾರ ಒಂಬತ್ತು ದಿನಾ ಇತ್ತು."

ಗಾಡಿ ಸಿಕ್ಕಿದ್ದರೆ ಮುತ್ತಪ್ಪ ಉಳಿಯುತ್ತಿದ್ದನೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರ. ಉಳಿಯುತ್ತಿರಲಿಲ್ಲ ಎಂದು ಹೇಳುವ ಬಾಯಿ ಕೂಡ ಆ ಸಭೆಯಲ್ಲಿ ಯಾರಿಗೂ ಇರಲಿಲ್ಲ.

"ತಪ್ಪಾತವಾ" ಎಂದ ಶಿದ್ಲಿಂಗಪ್ಪ.

ಮಾಲಾ ಸೆರಗು ಎಳೆದುಕೊಂಡು ಕುಳಿತಳು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಸಂಘ ಸಂಸ್ಥೆಗಳ ಹಿರಿಯರೇ, ಇದನ್ನು ಓದಿ "ಪಾಪ" ಎಂದು ಮಡಚಿಡಬೇಡಿ. ನಿಮ್ಮ ಕಪಾಟು ತೆಗೆದು ನೋಡಿ. ತುರ್ತು ಕೆಲಸಕ್ಕೆಂದು ಬಂದ ಹಣ ಎಲ್ಲಿಯಾದರೂ ಬಡ್ಡಿಗೆ ಕುಳಿತಿದೆಯೇ? ಅನುದಾನದ ಪತ್ರವನ್ನು ಕೊನೆಯ ಸಾಲಿನವರೆಗೆ ಸಭೆಯಲ್ಲಿ ಓದಿಸಿ, ಏಕೆಂದರೆ ಒಬ್ಬೊಬ್ಬ ದಾನಿಯ ನಿಯಮ ಒಂದೊಂದು ಥರ ಇರುತ್ತದೆ. ಯಾವುದಕ್ಕೆ ಕೇಳಿದಿರೋ ಅದಕ್ಕೇ ಹಚ್ಚಿ, ರಸೀದಿ ಇಡಿ. ಅವಧಿ ಸಾಲದಿದ್ದರೆ, ಕೆಲಸ ಬದಲಿಸಬೇಕಾದರೆ, ಮೊದಲೇ ಬರೆದು ಕೇಳಿ. ಊರವರೇ, ನೀವೂ ಕೇಳಿ: ನಮ್ಮ ಹೆಸರಿನ ಮೇಲೆ ಎಷ್ಟು ಬಂತು, ಎಲ್ಲಿದೆ, ಯಾವಾಗ ಕೊಡುತ್ತೀರಿ? ಹಾಗೆ ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಕೇಳದೆ ಸುಮ್ಮನಿದ್ದರೆ ಒಂದು ಮನೆಯ ಆಧಾರವೇ ಹೋದೀತು.